ಇಪ್ಪತ್ತು ನಿಮಿಷದ ಬೆಲ್

ನನ್ನ ಹೆಂಡತಿಗೆ ನನ್ನ ಸ್ನಾನದ ಮೇಲೆ ಮೊದಲಿನಿಂದಲೂ ಸಿಟ್ಟು. ನಾನು ಬಚ್ಚಲಿಗೆ ಹೋದರೆ ಆಚೆ ಬರುವುದು ಬಿಸಿನೀರು ಮುಗಿದ ಮೇಲೆಯೇ ಎಂದು ಅವಳ ದೂರು. ದೂರು ನಿಜವೂ ಹೌದು. ಈಚಿನ ವಾರಗಳಲ್ಲಿ ಆ ಸಿಟ್ಟಿಗೆ ಒಂದು ಫೋನಿನ ಬಲ ಬೇರೆ ಸೇರಿಕೊಂಡಿತ್ತು. ನಾನು ಟವಲ್ಲನ್ನು ಹೆಗಲಿಗೆ ಹಾಕಿಕೊಂಡು ಎದ್ದರೆ ಸಾಕು, ಊಟದ ಮೇಜಿನ ಮೇಲೆ ವೈರು ಚುಚ್ಚಿಕೊಂಡು ಬಿದ್ದಿರುತ್ತಿದ್ದ ಆ ಫೋನಿನಲ್ಲಿ 'ನಮ್ಮನೆಯವರು' ಎಂದು ಬರೆದ ಜಾಗವನ್ನು ಒತ್ತುತ್ತಿದ್ದಳು. ಇಪ್ಪತ್ತು ನಿಮಿಷ ಆಗುತ್ತಲೇ ಅದು ಬೀದಿಗೆಲ್ಲ ಕೇಳುವ ಹಾಗೆ ಕಿರುಚುತ್ತಿತ್ತು. "ರೀ, ಬೆಲ್ ಆಯ್ತು, ಇನ್ನೂ ಒಳಗಿದ್ರೆ ಹೆಪ್ಪುಗಟ್ಟಿ ಹೋಗ್ತೀರ" ಎಂದು ಅವಳು ಬಾಗಿಲು ಬಡಿಯುತ್ತಿದ್ದಳು. ನಾನು ತಲೆ ತುಂಬ ಸೋಪಿನ ನೊರೆ ಇಟ್ಟುಕೊಂಡು ಆ ಪ್ರೋಗ್ರಾಮನ್ನೂ ಅದನ್ನು ಬರೆದವನನ್ನೂ ಬೈಯುತ್ತಿದ್ದೆ.

ಹೆಪ್ಪುಗಟ್ಟುವ ಮಾತು ಸುಮ್ಮನೆ ಬಂದದ್ದಲ್ಲ. ನನ್ನ ಅತ್ತೆ, ಅಂದರೆ ಇವಳ ತಾಯಿ, ಊರಾಚೆಯ ಕೋಲ್ಡ್ ಸ್ಟೋರೇಜಿನಲ್ಲಿ ಕೆಲಸ ಮಾಡುತ್ತಾರೆ. ಮೀನು, ಬಟಾಣಿ, ಐಸ್‌ಕ್ರೀಮು ಪೆಟ್ಟಿಗೆಗಳಲ್ಲಿ ಬಂದು ಅಲ್ಲಿ ಕಲ್ಲಾಗಿ ಕೂರುತ್ತವೆ. ಅವನ್ನು ಎಣಿಸಿ, ಹಳೆಯದನ್ನು ಮುಂದಕ್ಕೂ ಹೊಸದನ್ನು ಹಿಂದಕ್ಕೂ ಇಡಿಸುವುದು ಅತ್ತೆಯ ಕೆಲಸ. ಹೊರಕೋಣೆಯ ಚಳಿಯನ್ನು ಹೇಗೋ ತಡೆಯಬಹುದು. ಒಳಕೋಣೆಯದು ಬೇರೆ ಲೆಕ್ಕ. ದಪ್ಪ ಕೋಟು, ಟೊಪ್ಪಿ, ಎರಡೆರಡು ಜೊತೆ ಗ್ಲೌಸು ಹಾಕಿಕೊಂಡಿದ್ದರೂ ಅಲ್ಲಿ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಇರಬಾರದು ಎಂದು ನಿಯಮ. ಒಳಗೆ ಹೋದವರು ಹೊತ್ತು ನೋಡುವ ಹಾಗಿಲ್ಲ. ಗಡಿಯಾರದ ಗಾಜು ಮಂಜುಗಟ್ಟುತ್ತದೆ, ಅಷ್ಟು ಬಟ್ಟೆಯ ಅಡಿಯಿಂದ ಮಣಿಕಟ್ಟು ಹೊರಗೆ ತೆಗೆಯುವುದೂ ಆಗದ ಮಾತು. ಬೆಲ್ ಕೇಳಬೇಕು, ಆಚೆ ಬರಬೇಕು, ಹೀಟರ್ ಇರುವ ಕೋಣೆಯಲ್ಲಿ ಕೂರಬೇಕು.

"ಮೊದಲು ಚಳಿ ಕಚ್ಚುತ್ತೆ ಅಳಿಯಂದ್ರೇ," ಎಂದು ಅತ್ತೆ ಒಂದು ಸಲ ನನಗೆ ಹೇಳಿದ್ದರು. "ಆಮೇಲೆ ಸುಮ್ನಾಗುತ್ತೆ. ಸುಮ್ನಾದಾಗ್ಲೇ ಹೆದರ್ಕೋಬೇಕು. ಆದ್ರೆ ಅಷ್ಟೊತ್ತಿಗೆ ಹೆದರೋ ಬುದ್ಧೀನೂ ಸುಮ್ನಾಗಿರುತ್ತೆ ನೋಡಿ. ಅದಕ್ಕೇ ಆ ಬೆಲ್ಲು."

ಬೆಲ್ಲನ್ನು ಕಾಯುತ್ತಿದ್ದದ್ದು ಬಾಗಿಲ ಪಕ್ಕದ ಗೂಡಿನಲ್ಲಿದ್ದ ಒಂದು ಕಂಪ್ಯೂಟರು. ಯಾವ ಕಾಲದಲ್ಲೋ ಯಾರೋ ಜಾವಾ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದ ಪ್ರೋಗ್ರಾಮು ಅದರಲ್ಲಿ ಓಡುತ್ತಿತ್ತು. ಬಾಗಿಲು ಕಾಯುವವರು ಒಳಗೆ ಹೋದವರ ಹೆಸರಿನ ಮೇಲೆ ಕ್ಲಿಕ್ ಮಾಡಬೇಕು. ನಿಮಿಷ ಏರುತ್ತ ಹೋಗುತ್ತದೆ. ಇಪ್ಪತ್ತಕ್ಕೆ ಕಿರುಚುತ್ತದೆ. ಆಗ ಅವರು ಗೋಡೆಯ ಮೇಲಿನ ಸ್ವಿಚ್ಚು ಒತ್ತಿದರೆ ಒಳಗೆ ಬೆಲ್ ಹೊಡೆಯುತ್ತದೆ. ಆ ಬಾಗಿಲು ಕಾಯುವವರಿಗೆ ಎಲ್ಲರೂ ಮೀಸೆ ಎನ್ನುತ್ತಾರೆ. ಮೀಸೆ ಬೋಳಿಸಿ ಎಷ್ಟೋ ವರ್ಷವಾಗಿದೆ, ಹೆಸರು ಮಾತ್ರ ಬೋಳಿಸಲಾಗಿಲ್ಲ.

ತೇವಕ್ಕೆ ಆ ಕಂಪ್ಯೂಟರು ದಿನಕ್ಕೊಂದು ಸಲ ಪ್ರಾಣ ಬಿಡತೊಡಗಿದಾಗ ಮಾಲೀಕರು ಆ ಪ್ರೋಗ್ರಾಮನ್ನು ಫೋನಿಗೆ ಹಾಕಿಸಬೇಕೆಂದರು. ಅತ್ತೆ ಎದೆಯುಬ್ಬಿಸಿಕೊಂಡು ಮಗಳ ಆಫೀಸಿನ ದಾರಿ ತೋರಿಸಿದರು. ಇವಳ ಆಫೀಸಿನವರ ಕಸುಬೇ ಅದು. ಕಂಪ್ಯೂಟರಿಗೆಂದು ಬರೆದ ಹಳೆಯ ಪ್ರೋಗ್ರಾಮನ್ನು ಹೊಸದಾಗಿ ಬರೆಯದೆ, ಇದ್ದದ್ದನ್ನೇ ಫೋನಿನಲ್ಲಿ ಓಡುವಂತೆ ಮಾಡಿಕೊಡುವುದು. ದೊಡ್ಡವರ ಅಂಗಿ ಬಿಚ್ಚಿ ಮಗುವಿಗೆ ಹೊಲಿದ ಹಾಗೆ.

ಹೊಲಿಗೆ ನಡೆದದ್ದು ನಮ್ಮ ಊಟದ ಮೇಜಿನ ಮೇಲೆ. ನಾನು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವನು. ಜಾವಾ ಎಂದರೆ ನನಗೆ ಏನೂ ತಿಳಿಯದು. ಆದರೆ ತಟ್ಟೆ ಇಡಲು ಜಾಗವಿಲ್ಲದೆ ನಿಂತೇ ಉಣ್ಣುತ್ತ ಅಷ್ಟಿಷ್ಟು ಕಲಿತೆ. ಮೊದಲ ದಿನ ಫೋನಿನಲ್ಲಿ ಎದ್ದ ಪರದೆಯಲ್ಲಿ ಬಟನ್ನುಗಳು ಸಾಸಿವೆ ಕಾಳಿನಷ್ಟಿದ್ದವು, ಅವನ್ನು ಹಿಗ್ಗಿಸಿದಳು. ಮೌಸಿನ ಬಲಗಡೆ ಒತ್ತುವುದಕ್ಕೆ ಬದಲು ಬೆರಳನ್ನು ಒತ್ತಿ ಹಿಡಿಯುವಂತೆ ಮಾಡಿದಳು. ಎಲ್ಲವನ್ನೂ ಬದಲಾಯಿಸಿದಳು, ನಿಮಿಷ ಎಣಿಸುವ ಭಾಗವನ್ನು ಮಾತ್ರ ಮುಟ್ಟಲಿಲ್ಲ. ಬರೆದ ಪುಣ್ಯಾತ್ಮ ಗಡಿಯಾರವನ್ನು ನೋಡುತ್ತಲೇ ಇರಲಿಲ್ಲ. ಒಂದು ನಿಮಿಷ ಕಾದು ಒಂದು ಕೂಡಿಸು, ಮತ್ತೆ ಕಾದು ಮತ್ತೆ ಕೂಡಿಸು, ಅಷ್ಟೆ. ಆ ಹಳೆಯ ಕಂಪ್ಯೂಟರಿನ ಗಡಿಯಾರ ಆಗಾಗ ದಿಕ್ಕು ತಪ್ಪಿ ಯಾವುದೋ ವರ್ಷಕ್ಕೆ ಹೋಗಿ ನಿಲ್ಲುತ್ತಿತ್ತಂತೆ. ಅದಕ್ಕೇ ಅವನು ಹಾಗೆ ಮಾಡಿದ್ದ.

"ಇಷ್ಟು ವರ್ಷ ಒಂದ್ಸಲಾನೂ ತಪ್ಪಿಲ್ಲ. ನಡೀತಿರೋದಕ್ಕೆ ನಾನ್ಯಾಕೆ ಕೈ ಹಾಕ್ಲಿ?" ಎಂದಿದ್ದಳು. ನನಗೂ ಅದು ಸರಿ ಎನಿಸಿತ್ತು.

ಕೆಲವು ವಾರ ಅವಳದೇ ಪರೀಕ್ಷೆಯ ಫೋನು ಮೀಸೆಯವರ ಗೂಡಿಗೂ ನಮ್ಮ ಮನೆಗೂ ಓಡಾಡಿತು. ಅಲ್ಲೂ ವೈರಿಗೆ ಸಿಕ್ಕಿಸಿಟ್ಟಿರುತ್ತಿದ್ದರು, ಇಲ್ಲೂ ಸಿಕ್ಕಿಸಿಟ್ಟಿರುತ್ತಿದ್ದಳು. ಅಲ್ಲಿ ಅತ್ತೆಗೆ ಬೆಲ್, ಇಲ್ಲಿ ನನಗೆ. ಒಂದು ನಿಮಿಷ ಆಚೀಚೆ ಆಗಲಿಲ್ಲ. ಕಂಡಕಂಡವರಿಗೆಲ್ಲ ಅತ್ತೆ ಹೇಳಿಕೊಂಡು ಬಂದರು. ಮಾಲೀಕರು ಮೆಚ್ಚಿ ಗೂಡಿಗೆಂದೇ ಹೊಸ ಫೋನು ತಂದರು. ರಜೆಯ ಹಿಂದಿನ ದಿನ ಸಂಜೆ ಇವಳು ಅದರಲ್ಲಿ ಪ್ರೋಗ್ರಾಮು ಹಾಕಿಕೊಟ್ಟು, ತನ್ನ ಫೋನನ್ನು ಬ್ಯಾಗಿಗೆ ಹಾಕಿಕೊಂಡು ಮನೆಗೆ ಬಂದಳು.

ರಜೆಯ ಬೆಳಿಗ್ಗೆ ಅತ್ತೆ ಫೋನ್ ಮಾಡಿದರು. ಕೆಲಸಕ್ಕೆ ಇಳಿಯುವ ಮುಂಚೆ ತಮ್ಮ ಫೋನನ್ನು ಬೀರುವಿನಲ್ಲಿಟ್ಟು ಬೀಗ ಹಾಕಬೇಕು, ಅದಕ್ಕೆ ಮೊದಲು ಮಗಳಿಗೆ ಒಂದು ಮಾತು ಹೇಳುವುದು ಅವರ ರೂಢಿ.

"ಪುಟ್ಟಿ, ಇವತ್ತು ನಿನ್ನ ಹೊಸ ಫೋನಿಂದೇ ದರ್ಬಾರು. ಮೀಸೆ ಕೈ ಬಿಟ್ಟು ಕೆಳಗಿಡ್ತಿಲ್ಲ. ರಜೆ ಅಲ್ವಾ, ನಾನೂ ಅವನೂ ಇಬ್ರೇ. ಒಳಕೋಣೆ ಎಣಿಕೆ ಮುಗಿಸಿಬಿಡ್ತೀನಿ. ಅಳಿಯಂದ್ರಿಗೆ ಸ್ನಾನ ಆಯ್ತಾ?"

"ಇಲ್ಲಮ್ಮ, ಈಗ ಹೊರಟಿದಾರೆ ದಂಡಯಾತ್ರೆಗೆ."

"ಬೆಲ್ ಒತ್ತು, ಬಿಡಬೇಡ," ಎಂದು ಅತ್ತೆ ನಕ್ಕರು.

ಇವಳು ಒತ್ತಿದಳು. ಒತ್ತಿ ಬಟ್ಟೆ ಒಣಹಾಕಲು ಮಹಡಿಗೆ ಹೋದಳು. ನಾನು ಬಚ್ಚಲಿಗೆ ಹೋಗುವ ದಾರಿಯಲ್ಲಿ ನನ್ನ ಫೋನಿನಲ್ಲಿ ಚಾರ್ಜ್ ಇಲ್ಲದ್ದು ಕಂಡೆ. ಮನೆಯಲ್ಲಿ ಸರಿಯಾಗಿ ಕೆಲಸ ಮಾಡುವ ವೈರು ಒಂದೇ. ಅವಳ ಪರೀಕ್ಷೆಯ ಫೋನಿನಿಂದ ಕಿತ್ತು ನನ್ನದಕ್ಕೆ ಚುಚ್ಚಿ ಸ್ನಾನಕ್ಕೆ ಹೋದೆ.

ಅಂಥ ಸ್ನಾನ ನಾನು ಎಷ್ಟೋ ದಿನದಿಂದ ಮಾಡಿರಲಿಲ್ಲ. ಯಾರೂ ಬಾಗಿಲು ಬಡಿಯಲಿಲ್ಲ, ಏನೂ ಕಿರುಚಲಿಲ್ಲ. ಬಿಸಿನೀರು ಮುಗಿಯುವವರೆಗೂ ಸುರಿದುಕೊಂಡೆ, ಆಮೇಲೆ ಗಡ್ಡ ಹೆರೆದುಕೊಂಡೆ, ಯಾವತ್ತೂ ಇಲ್ಲದ ಹಾಗೆ ಹಿಮ್ಮಡಿಯನ್ನೂ ಉಜ್ಜಿಕೊಂಡೆ. ಆಚೆ ಬಂದಾಗ ಅವಳು ಸೋಫಾದ ಮೇಲೆ ಬಟ್ಟೆ ಮಡಿಸುತ್ತ ಕೂತಿದ್ದಳು.

"ಏನಮ್ಮಾ, ಇವತ್ತು ಬೆಲ್ಲಿಗೂ ರಜೆ ಕೊಟ್ಯಾ?" ಎಂದೆ.

ಅವಳು ನಕ್ಕಳು. ಆಮೇಲೆ ಗೋಡೆಯ ಗಡಿಯಾರ ನೋಡಿದಳು. ಮಡಿಸುತ್ತಿದ್ದ ಅಂಗಿಯನ್ನು ಹಾಗೇ ಬಿಟ್ಟು ಎದ್ದು ಮೇಜಿನ ಹತ್ತಿರ ಹೋದಳು. ಫೋನಿನ ಪರದೆ ಕಪ್ಪಾಗಿತ್ತು. ಬೆರಳಿಟ್ಟಳು, ಬೆಳಗಿತು. ನಾನು ಅವಳ ಭುಜದ ಮೇಲಿಂದ ಇಣುಕಿದೆ. 'ನಮ್ಮನೆಯವರು' ಎಂಬುದರ ಎದುರಿಗೆ ಒಂದು ಎಂದಿತ್ತು. ನಾವು ನೋಡುತ್ತಿದ್ದಂತೆಯೇ ಅದು ಎರಡಾಯಿತು.

"ಇದರ ವೈರು ಕಿತ್ತಿದ್ದು ಯಾರು?"

ಬೈಗುಳ ಬಂತು ಎಂದುಕೊಂಡು, "ನಾನೇ ಕಣೇ, ನನ್ನ ಫೋನು ಸತ್ತು ಹೋಗಿತ್ತು" ಎಂದೆ.

ಅವಳು ಬೈಯಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ಪಕ್ಕದ ಗುಂಡಿ ಒತ್ತಿ ಪರದೆ ಆರಿಸಿದಳು, ಗಡಿಯಾರ ನೋಡುತ್ತ ನಿಂತಳು. ಮೂರು ನಾಲ್ಕು ನಿಮಿಷ ಬಿಟ್ಟು ಬೆಳಗಿಸಿದಳು. ಅದು ಇನ್ನೂ ಎರಡೇ ಎನ್ನುತ್ತಿತ್ತು.

"ಕಂಪ್ಯೂಟರಾದ್ರೆ ನೋಡೋರಿರಲಿ ಬಿಡಲಿ, ಒಳಗೆ ಪ್ರೋಗ್ರಾಮು ಓಡ್ತಾನೇ ಇರುತ್ತೆ," ಎಂದಳು. ನನಗೆ ಹೇಳುತ್ತಿದ್ದಳೋ ತನಗೋ ತಿಳಿಯಲಿಲ್ಲ. "ಫೋನು ಹಾಗಲ್ಲ. ಪರದೆ ಆರಿದ್ರೆ ಬ್ಯಾಟರಿ ಉಳಿಸೋಕೆ ಎಲ್ಲಾನೂ ಮಲಗಿಸಿಬಿಡುತ್ತೆ. ಎಬ್ಬಿಸಿದಾಗ ಏನೂ ಆಗೇ ಇಲ್ಲ ಅನ್ನೋ ಹಾಗೆ ಮಲಗಿದ ಕಡೆಯಿಂದ ಮತ್ತೆ ಎಣಿಸುತ್ತೆ."

"ಇಷ್ಟು ದಿನ ಸರಿಯಾಗಿತ್ತಲ್ಲ?"

"ಇಷ್ಟು ದಿನ ವೈರಿನಲ್ಲಿತ್ತು. ನಮ್ಮ ಕೆಲಸದವರೆಲ್ಲ ಪರೀಕ್ಷೆ ಫೋನಿನಲ್ಲಿ ಒಂದು ಸೆಟ್ಟಿಂಗ್ ಹಾಕ್ಕೊಂಡಿರ್ತೀವಿ, ಚಾರ್ಜ್ ಆಗ್ತಿರೋವಾಗ ಪರದೆ ಆರಬಾರದು ಅಂತ. ಪದೇ ಪದೇ ಎಬ್ಬಿಸೋ ರಗಳೆ ತಪ್ಪಲಿ ಅಂತ. ಯಾವಾಗ್ಲೋ ಹಾಕಿದ್ದು, ಮರೆತೇ ಹೋಗಿತ್ತು." ಅವಳು ಉಸಿರೆಳೆದುಕೊಂಡಳು. "ಹೊಸ ಫೋನಿನಲ್ಲಿ ಅದಿಲ್ಲ."

ಆಗ ನನಗೆ ಅರ್ಥವಾಯಿತು. ಅತ್ತೆಯ ಫೋನು ಬಂದು ಗಂಟೆಯ ಹತ್ತಿರ ಆಗಿತ್ತು.

ಅವಳು ಅತ್ತೆಗೆ ಫೋನ್ ಮಾಡಿದಳು. ಬೀಗ ಹಾಕಿದ ಬೀರುವಿನಲ್ಲಿ ಅದು ಹೊಡೆದುಕೊಂಡು ಸುಮ್ಮನಾಯಿತು. ಮೀಸೆಯವರ ಸ್ವಂತ ಫೋನಿಗೆ ಮಾಡಿದಳು, ಎತ್ತಲಿಲ್ಲ. ಹೊಸ ಫೋನಿನಲ್ಲಿ ಸಿಮ್ಮೇ ಇರಲಿಲ್ಲ, ಬೆಲ್ಲಿಗೆ ಸಿಮ್ ಯಾಕೆ ಎಂದು ಮಾಲೀಕರು ಹಾಕಿಸಿರಲಿಲ್ಲ. ಆ ಮಾಲೀಕರ ಫೋನು ಸ್ವಿಚ್ ಆಫ್. ಕೊನೆಗೆ ಆಫೀಸಿನಲ್ಲಿ ಅವಳ ಮೇಲಿನವನು ಎತ್ತಿದ. ಅವಳು ಒಂದೇ ಉಸಿರಿಗೆ ಹೇಳಿದ್ದನ್ನೆಲ್ಲ ಕೇಳಿ, "ಹೌದಾ, ಸರಿ ಸರಿ. ಇವತ್ತು ರಜೆ ಅಲ್ವಾ, ನಾಳೆ ಕೂತು ನೋಡೋಣ. ಒಂದು ಅಪ್‌ಡೇಟ್ ಕಳಿಸಿದ್ರಾಯ್ತು" ಎಂದ.

ಆ ಮನುಷ್ಯನನ್ನು ನಾನು ಯಾವತ್ತೂ ನೋಡಿಲ್ಲ. ನೋಡಬಾರದು ಎಂದೇ ಈಗಲೂ ಬೇಡಿಕೊಳ್ಳುತ್ತೇನೆ, ಅವನ ಕ್ಷೇಮಕ್ಕಾಗಿ.

ಒದ್ದೆ ತಲೆಯಲ್ಲೇ ಸ್ಕೂಟರ್ ತೆಗೆದೆ. ಅವಳು ಹಿಂದೆ ಕೂತು ನನ್ನ ಅಂಗಿಯನ್ನು ಹಿಡಿದುಕೊಂಡಳು, ಬಟ್ಟೆಯ ಜೊತೆ ಚರ್ಮವನ್ನೂ. ಹೆದರಿಕೆಯಾದರೆ ನನ್ನ ಬಾಯಿ ಸುಮ್ಮನಿರುವುದಿಲ್ಲ. ಅದು ನನ್ನ ಹುಟ್ಟುಗುಣ.

"ಮೀಸೆಯವರು ಗೂಡಲ್ಲೇ ಕೂತಿರ್ತಾರೆ, ಫೋನು ನೋಡ್ತಾನೇ ಇರ್ತಾರೆ. ಹೊಸ ಫೋನು ಕಣೇ, ಯಾರಾದ್ರೂ ಕೈ ಬಿಡ್ತಾರಾ? ಪರದೆ ಆರೋಕೇ ಬಿಟ್ಟಿರಲ್ಲ. ಅತ್ತೆಯೇನು ಚಿಕ್ಕ ಮಗೂನಾ, ಚಳಿಯಾದ್ರೆ ಎದ್ದು ಬರ್ತಾರೆ. ಬಾಗಿಲು ಒಳಗಿಂದಾನೂ ತೆಗೆಯುತ್ತೆ. ನಾವು ಹೋಗೋ ಹೊತ್ತಿಗೆ ಹೀಟರ್ ಮುಂದೆ ಕೂತು ನಮ್ಮನ್ನೇ ಆಡ್ಕೊಳ್ತಾರೆ ನೋಡು, ನನ್ನ ತಲೆ ಕೂದಲು ನೋಡಿ..."

"ಸುಮ್ನಿರಿ."

ಸಿಗ್ನಲ್ಲಿನಲ್ಲಿ ಕೆಂಪು ದೀಪ ಬಿತ್ತು. ಪಕ್ಕದ ಬಸ್ಸಿನ ಕಿಟಕಿಯಿಂದ ಯಾರೋ ನನ್ನ ತಲೆಯಿಂದ ಇಳಿಯುತ್ತಿದ್ದ ನೀರನ್ನೇ ನೋಡುತ್ತಿದ್ದರು. ಹಿಂದಿನಿಂದ ಅವಳ ದನಿ ಕೇಳಿತು. ಆಂಬುಲೆನ್ಸಿಗೆ ಫೋನ್ ಮಾಡಿದ್ದಳು.

"ಕೋಲ್ಡ್ ಸ್ಟೋರೇಜಲ್ಲಿ ಒಬ್ರು ಒಳಗೇ ಉಳಿದಿದಾರೆ... ವಯಸ್ಸಾದೋರು... ಇಲ್ಲ, ನಾನು ನೋಡಿಲ್ಲ. ನಾನಲ್ಲಿಲ್ಲ. ಏನಾಗಿದೆ ಅಂತ ಗೊತ್ತಿಲ್ಲ. ಆದ್ರೆ ಆಗಿರುತ್ತೆ. ದಯವಿಟ್ಟು ಕಳಿಸಿ."

ಆ 'ಆಗಿರುತ್ತೆ' ಕೇಳಿದ ಮೇಲೆ ದೀಪ ಹಸಿರಾಗುವ ಮುಂಚೆಯೇ ನುಗ್ಗಿಸಿದೆ. ಸೇತುವೆ ದಾಟಿ, ಗೋದಾಮುಗಳ ಉದ್ದ ಬೀದಿಯಲ್ಲಿ ಹೋಗುವಾಗ ಅವಳು ನನ್ನ ಬೆನ್ನಿಗೆ ಹಣೆ ಒತ್ತಿಕೊಂಡು ಒಂದೇ ಮಾತು ಹೇಳುತ್ತಿದ್ದಳು. "ಅಮ್ಮ ಬೆಲ್ ಕಾಯ್ತಾ ಇರ್ತಾಳೆ. ಬೆಲ್ ಆಗದೆ ಬರೋಳಲ್ಲ ಅವಳು."

ಕೋಲ್ಡ್ ಸ್ಟೋರೇಜಿನ ಅಂಗಳದಲ್ಲಿ ಒಂದು ಲಾರಿ ಹಿಂಬದಿ ತೆರೆದುಕೊಂಡು ನಿಂತಿತ್ತು, ಖಾಲಿಯಾಗಿ. ಮೀಸೆಯವರು ಡ್ರೈವರಿನ ಜೊತೆ ಸೇರಿ ಅದರ ಬಾಗಿಲು ಹಾಕುತ್ತಿದ್ದರು. ಎಂಜಿನ್ನಿನ ಗದ್ದಲದಲ್ಲಿ ಯಾವ ಫೋನೂ ಕೇಳುವ ಹಾಗಿರಲಿಲ್ಲ. ಅವರ ಸ್ವಂತ ಫೋನು ಗೂಡಿನ ಮೊಳೆಗೆ ನೇತುಹಾಕಿದ ಕೋಟಿನಲ್ಲಿತ್ತು ಎಂದು ಆಮೇಲೆ ಗೊತ್ತಾಯಿತು.

"ಅಮ್ಮ ಎಲ್ಲಿ?" ಎಂದಳು ಇವಳು, ಸ್ಕೂಟರ್ ನಿಲ್ಲುವ ಮುಂಚೆಯೇ ಇಳಿದು.

"ಒಳಗೆ ಎಣಿಸ್ತಿದಾರೆ ಕಣಮ್ಮ. ಏನು ನೀನು, ರಜೆ ದಿನ?"

"ಎಷ್ಟೊತ್ತಾಯ್ತು?"

ಮೀಸೆಯವರು ಪ್ಯಾಂಟಿನ ಜೇಬಿಗೆ ಕೈಹಾಕಿ ಹೊಸ ಫೋನು ತೆಗೆದರು. ಗೀರು ಬೀಳದಿರಲಿ ಎಂದು ಕರವಸ್ತ್ರದಲ್ಲಿ ಸುತ್ತಿಟ್ಟಿದ್ದರು. ಬಿಚ್ಚಿ, ಪರದೆ ಬೆಳಗಿಸಿ ನಮ್ಮ ಕಡೆ ತಿರುಗಿಸಿದರು.

"ಇನ್ನೂ ಏಳು. ನೋಡು."

ನಾವು ಮೂವರೂ ನೋಡಿದೆವು. ಏಳು ಎಂಟಾಯಿತು. ಅದರ ಪಾಡಿಗೆ ಅದು, ಅಚ್ಚುಕಟ್ಟಾಗಿ, ಕೆಲಸ ಮಾಡುತ್ತಿತ್ತು. ನನ್ನ ಜನ್ಮದಲ್ಲಿ ಒಂದು ಅಂಕಿಗೆ ಅಷ್ಟು ಹೆದರಿದ್ದಿಲ್ಲ.

"ಮೀಸೆಯವ್ರೇ," ಎಂದೆ, "ಅತ್ತೆ ಒಳಗೆ ಹೋದಾಗ ಈ ಲಾರಿ ಬಂದಿತ್ತಾ?"

"ಇಲ್ಲ. ಅವರು ಹೋಗಿ ಸ್ವಲ್ಪ ಹೊತ್ತಿಗೆ ಬಂತು. ನಾನು ಫೋನು ಜೇಬಿಗಿಟ್ಕೊಂಡು..." ಅವರು ಅಲ್ಲಿಗೆ ನಿಂತರು. ಖಾಲಿ ಲಾರಿಯ ಕಡೆ ನೋಡಿದರು. ಗೋಡೆಗೆ ಒರಗಿಸಿ ಆಳೆತ್ತರ ಪೇರಿಸಿದ್ದ ಪೆಟ್ಟಿಗೆಗಳ ಕಡೆ ನೋಡಿದರು. ಇಬ್ಬರೇ ಸೇರಿ ಇಳಿಸಿದ್ದು ಅವಿಷ್ಟನ್ನೂ. "ಬೆಲ್ಲೇ ಆಗ್ಲಿಲ್ಲವಲ್ಲ," ಎಂದರು. ಆ ದನಿ ಅವರದಲ್ಲ ಎನಿಸಿತು.

ನಾನು ಅವರನ್ನು ಬೈಯಲಾರೆ. ಬೆಲ್ ಇದ್ದ ಮೇಲೆ ಗಡಿಯಾರ ಯಾರು ನೋಡುತ್ತಾರೆ? ಬಿಸಿನೀರಲ್ಲಿ ಕೂತು ನಾನು ನೋಡಿದ್ದೆನೇ?

ಒಳಕೋಣೆಯ ಬಾಗಿಲು ಒಂದು ಗೋಡೆಯಷ್ಟು ದಪ್ಪ. ಮೀಸೆಯವರ ಕೈ ಹಿಡಿಕೆಯ ಮೇಲೆ ಎರಡು ಸಲ ಜಾರಿತು, ಮೂರನೆಯ ಸಲ ನಾನೂ ಸೇರಿ ಎಳೆದೆ. ಬಿಳಿ ಹೊಗೆ ನಮ್ಮ ಕಾಲ ಮೇಲೆ ಹರಿದು ಬಂತು. ಮೊಳೆಯಿಂದ ಸಿಕ್ಕಿದ ಕೋಟು ಕಿತ್ತು ಅವಳಿಗೆ ಕೊಟ್ಟೆ, ಅವಳು ಅದನ್ನು ಹಾಕಿಕೊಳ್ಳದೆ ಕೈಯಲ್ಲಿ ಹಿಡಿದುಕೊಂಡೇ ಓಡಿದಳು. ಹಿಂದೆಯೇ ನುಗ್ಗಿದೆ. ಮೊದಲ ಉಸಿರು ಮೂಗಿನ ಒಳಗನ್ನು ಸುಟ್ಟ ಹಾಗಾಯಿತು. ಒದ್ದೆ ಕೂದಲು ಹಣೆಯ ಮೇಲೆ ಗಟ್ಟಿಯಾಗಿ ನಿಂತಿತು.

"ಅಮ್ಮಾ," ಎಂದು ಕೂಗಿದಳು. ಆ ಕೋಣೆಯಲ್ಲಿ ಕೂಗು ಮುಂದೆ ಹೋಗುವುದೇ ಇಲ್ಲ, ಪೆಟ್ಟಿಗೆಗಳು ನುಂಗಿಬಿಡುತ್ತವೆ. ಒಂದೊಂದು ಸಾಲಿನ ಬಾಯಲ್ಲೂ ನಿಂತು ಇಣುಕಿದೆವು. ಒಂದು ಸಾಲಿನಲ್ಲಿ ಬರೀ ಪೆಟ್ಟಿಗೆ. ಮುಂದಿನದರಲ್ಲೂ ಬರೀ ಪೆಟ್ಟಿಗೆ. ನೆಲದ ಮೇಲೆ ಬಿದ್ದಿರುತ್ತಾರೆ ಎಂದುಕೊಂಡು ನಾನು ಕೆಳಗೇ ಹುಡುಕುತ್ತಿದ್ದೆ.

ಬಿದ್ದಿರಲಿಲ್ಲ. ಕೊನೆಯ ಸಾಲಿನಲ್ಲಿ ನಿಂತಿದ್ದರು. ಬಲಗೈಯ ಗ್ಲೌಸುಗಳನ್ನು ಕಳಚಿ ಒಂದು ಪೆಟ್ಟಿಗೆಯ ಮೇಲೆ ನೀಟಾಗಿ ಇಟ್ಟಿದ್ದರು. ಬರಿಗೈಯ ಬೆರಳನ್ನು ಒಂದು ಪೆಟ್ಟಿಗೆಯಿಂದ ಇನ್ನೊಂದಕ್ಕೆ ಒತ್ತುತ್ತ ಎಣಿಸುತ್ತಿದ್ದರು. "ಹದಿನಾಲ್ಕು. ಹದಿನೈದು. ಹದಿನಾಲ್ಕು. ಹದಿನೈದು." ಬಾಯಲ್ಲಿ ಬಿಸಿ ತುತ್ತು ಇಟ್ಟುಕೊಂಡವರ ಹಾಗೆ ಮಾತು ತೊದಲುತ್ತಿತ್ತು. ಮೈಯಲ್ಲಿ ನಡುಕವೇ ಇರಲಿಲ್ಲ. ನಾನು ಗಡಗಡ ನಡುಗುತ್ತಿದ್ದೆ, ಇಷ್ಟು ಹೊತ್ತು ಒಳಗಿದ್ದ ಅವರು ನಡುಗುತ್ತಿರಲಿಲ್ಲ.

"ಅಮ್ಮ, ಬಾ, ಆಚೆ ಹೋಗೋಣ."

ಅತ್ತೆ ಮಗಳ ಕಡೆ ನೋಡಿ ನಕ್ಕರು. ಯಾವುದೋ ಮದುವೆಯಲ್ಲಿ ಗುರುತು ಸಿಗದ ನೆಂಟರಿಗೆ ನಗುತ್ತಾರಲ್ಲ, ಆ ನಗು. "ಎಣಿಕೆ ತಪ್ಪಿಸ್ಬೇಡ. ಬೆಲ್ ಆಗ್ಲಿ, ಬರ್ತೀನಿ."

"ಬೆಲ್ ಆಗಲ್ಲಮ್ಮ. ಬೆಲ್ ಕೆಟ್ಟಿದೆ."

"ಅದು ಕೆಡಲ್ಲ."

ನಾನು ತೋಳು ಹಿಡಿದೆ. "ಅತ್ತೆ, ಬನ್ನಿ."

"ನೀವ್ಯಾರು?" ಎಂದರು ಅತ್ತೆ. "ಕೋಟಿಲ್ಲದೆ ಒಳಗೆ ಬರ್ಬಾರ್ದು. ಮೀಸೆ ಬಯ್ತಾನೆ."

ಅವರು ಬರಲೊಪ್ಪಲಿಲ್ಲ. ಪೆಟ್ಟಿಗೆಯ ಅಂಚು ಹಿಡಿದುಕೊಂಡುಬಿಟ್ಟರು. ಮಗಳು ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಮುಟ್ಟಿದಾಗ ಅವು ಮರದ ಕಡ್ಡಿಗಳ ಹಾಗಿದ್ದವು ಎಂದು ಆಮೇಲೆ ಒಂದೇ ಒಂದು ಸಲ ಹೇಳಿದ್ದಾಳೆ, ಮತ್ತೆ ಆ ಮಾತು ಎತ್ತಿಲ್ಲ. ನಾನೂ ಮೀಸೆಯವರೂ ಎತ್ತಿಕೊಂಡೆವು. ದಾರಿಯುದ್ದಕ್ಕೂ ಅತ್ತೆ, "ಇನ್ನೂ ಬೆಲ್ ಆಗಿಲ್ಲ, ಇನ್ನೂ ಬೆಲ್ ಆಗಿಲ್ಲ" ಎಂದು ಶಾಲೆಯಿಂದ ಬೇಗ ಎಳೆದುಕೊಂಡು ಹೋಗುವ ಮಗುವಿನಂತೆ ಗೊಣಗುತ್ತಿದ್ದರು.

ಹೀಟರ್ ಕೋಣೆಯಲ್ಲಿ ಗೋಡೆಗೊಂದು ಬೆಂಚು, ಒಂದು ಸಣ್ಣ ಮೇಜು, ಕಪ್ಪಾದ ಒಂದು ಕೆಟಲ್ಲು. ಬೆಂಚಿನ ಮೇಲೆ ಮಲಗಿಸಿ ಅಲ್ಲಿದ್ದ ಕಂಬಳಿಗಳನ್ನೆಲ್ಲ ಹೊದಿಸಿದೆವು. ಮೀಸೆಯವರು ಕೈ ಉಜ್ಜಲು ಹೋದರು. ಉಜ್ಜಬಾರದು ಎಂದು ಗೋಡೆಯ ಮೇಲೇ ಬರೆದಿತ್ತು, ನಾನು ತಡೆದೆ. ಅವರು ಮೂಲೆಗೆ ಹೋಗಿ, ಮುಖವನ್ನು ಗೋಡೆಗೆ ಮಾಡಿ ಅಳತೊಡಗಿದರು. ಅತ್ತೆಯ ಕಣ್ಣು ಮುಚ್ಚಿಕೊಳ್ಳುತ್ತಿತ್ತು.

"ನಿದ್ದೆ ಮಾಡ್ಬೇಡಮ್ಮ. ನೋಡಿಲ್ಲಿ. ನನ್ನ ನೋಡು." ನನ್ನ ಹೆಂಡತಿ ನೆಲದ ಮೇಲೆ ಕೂತು ತಾಯಿಯ ಕೆನ್ನೆಯನ್ನು ಎಡಗೈಯಲ್ಲಿ ಮೆಲ್ಲಗೆ ತಟ್ಟುತ್ತಿದ್ದಳು. ಬಲಗೈಯಲ್ಲಿ ಆ ಹೊಸ ಫೋನು. ಮೀಸೆಯವರ ಕೈಯಿಂದ ಯಾವಾಗ ತೆಗೆದುಕೊಂಡಳೋ ನಾನು ನೋಡಿರಲಿಲ್ಲ. ಪರದೆ ಮಸುಕಾಗುತ್ತಿದ್ದಂತೆಯೇ ಹೆಬ್ಬೆರಳಿಂದ ಮುಟ್ಟುತ್ತಿದ್ದಳು, ಅದು ಮತ್ತೆ ಬೆಳಗುತ್ತಿತ್ತು. ಇತ್ತ ಕೆನ್ನೆ ತಟ್ಟುವುದು, ಅತ್ತ ಗಾಜು ಮುಟ್ಟುವುದು. ಎರಡನ್ನೂ ನಿದ್ದೆ ಹೋಗಗೊಡುತ್ತಿರಲಿಲ್ಲ.

"ಅದನ್ಯಾಕೆ ಹಿಡ್ಕೊಂಡಿದೀಯ, ಬಿಡೇ," ಎಂದೆ.

ಅವಳು ಕೇಳಿಸಿಕೊಳ್ಳಲಿಲ್ಲ. ಕೈ ತಾನಾಗಿಯೇ ಮಾಡುತ್ತಿತ್ತು ಎಂದು ಕಾಣುತ್ತದೆ. ಆ ಕೋಣೆಯಲ್ಲಿ ನಾವು ಕಾದದ್ದು ಎಷ್ಟು ಹೊತ್ತೋ, ನನ್ನನ್ನು ಕೇಳಿದರೆ ಒಂದು ಇಡೀ ದಿನ. ಅತ್ತೆಯ ಮೂಗಿನ ಹತ್ತಿರ ಕನ್ನಡಕ ಹಿಡಿದು ಉಸಿರು ನೋಡುತ್ತಿದ್ದೆ. ಗಾಜಿನ ಮೇಲೆ ಮಂಜು ಮೂಡುವುದು ತಡವಾದಾಗಲೆಲ್ಲ ನನ್ನ ಉಸಿರೂ ನಿಲ್ಲುತ್ತಿತ್ತು.

ಆಂಬುಲೆನ್ಸ್ ಬಂತು. ಅದರಿಂದ ಇಳಿದ ನರ್ಸಮ್ಮ ಗಟ್ಟಿಮುಟ್ಟಾದ ಹೆಂಗಸು, ಗಾಬರಿ ಎಂದರೇನೆಂದು ಅರಿಯದವರಂತಿದ್ದರು. ಕುತ್ತಿಗೆಯ ನಾಡಿ ಹಿಡಿದರು, ರೆಪ್ಪೆ ಎತ್ತಿ ನೋಡಿದರು.

"ಎಷ್ಟು ಹೊತ್ತು ಒಳಗಿದ್ರು?"

ನಾನು ಬಾಯಿ ತೆರೆಯುವಷ್ಟರಲ್ಲಿ ಫೋನು ಕಿರುಚಿಕೊಂಡಿತು. ಇಪ್ಪತ್ತು ಆಗಿತ್ತು. ಅಷ್ಟು ಸಣ್ಣ ಕೋಣೆಯಲ್ಲಿ ಆ ಸದ್ದು ಕಿವಿಗೆ ಗೂಟ ಹೊಡೆದ ಹಾಗೆ ಹೊಕ್ಕಿತು. ಅತ್ತೆ ಕಣ್ಣು ಬಿಟ್ಟರು. ಅಲ್ಲಿಯವರೆಗೆ ಯಾವ ಕೂಗಿಗೂ ಓಗೊಡದಿದ್ದವರು ಈಗ ಮೊಣಕೈ ಊರಿ, ಕಂಬಳಿ ಸರಿಸಿ, ಬೆಂಚಿನಿಂದ ಏಳಲು ಹೊರಟರು.

"ಬೆಲ್ ಆಯ್ತು. ಬಾಗಿಲು ತೆಗಿ, ಮೀಸೆ. ಬರ್ತಿದೀನಿ."

ನರ್ಸಮ್ಮ ಬಾಗಿ ಪರದೆ ನೋಡಿದರು. ಅತ್ತೆಯ ಹೆಸರು, ಅದರ ಪಕ್ಕ ದಪ್ಪ ಕೆಂಪಕ್ಷರದಲ್ಲಿ ಇಪ್ಪತ್ತು. ಅವರ ಮುಖ ಸಡಿಲವಾಯಿತು.

"ಇಪ್ಪತ್ತೇ ನಿಮಿಷಾನಾ? ಹಾಗಿದ್ರೆ ಅಂಥ ಭಯ ಇಲ್ಲ. ಎದ್ದೇಳ್ತಿದಾರಲ್ಲ, ಏಳಲಿ. ನಿಧಾನಕ್ಕೆ ಕೈ ಹಿಡ್ಕೊಂಡು ನಡೆಸ್ಕೊಂಡು ಬನ್ನಿ ಗಾಡಿಗೆ."

"ಬೇಡ," ಎಂದಳು ನನ್ನ ಹೆಂಡತಿ. ಎರಡೂ ಕೈಯಿಂದ ತಾಯಿಯ ಭುಜ ಒತ್ತಿ ಹಿಡಿದಿದ್ದಳು. ಫೋನು ನೆಲಕ್ಕೆ ಬಿದ್ದು ಕಿರುಚುತ್ತಲೇ ಇತ್ತು. "ಅದನ್ನ ನಂಬ್ಬೇಡಿ. ಒಂದೂವರೆ ಗಂಟೆ ಮೇಲಾಗಿದೆ. ಅದು ಸುಳ್ಳು ಹೇಳ್ತಿದೆ. ನಂಗೊತ್ತು, ಅದನ್ನ ಮಾಡಿದೋಳು ನಾನೇ."

ನರ್ಸಮ್ಮನ ಮುಖದಲ್ಲಿ ನಾನು ಮೊದಲ ಸಲ ಗಾಬರಿ ಕಂಡೆ. ಡ್ರೈವರನ್ನು ಕೂಗಿದರು, ಸ್ಟ್ರೆಚರ್ ತರಿಸಿದರು, ಕೂರಿಸಲೂ ಬಾರದು, ಅಲುಗಿಸಲೂ ಬಾರದು ಎಂದು ನಮ್ಮೆಲ್ಲರನ್ನೂ ಗದರಿಸಿದರು. ಅಷ್ಟು ಹೊತ್ತು ತಣ್ಣಗಾದ ಮೈಯನ್ನು ಎಬ್ಬಿಸಿ ನಡೆಸಿದ್ದರೆ ಗುಂಡಿಗೆ ಆ ಬಾಗಿಲಲ್ಲೇ ನಿಂತುಬಿಡಬಹುದಿತ್ತು ಎಂದು ಡಾಕ್ಟರು ಆಮೇಲೆ ಹೇಳಿದರು. ಅತ್ತೆ ಉಳಿದರು. ಬಲಗೈಯ ಎರಡು ಬೆರಳು ಉಳಿಯಲಿಲ್ಲ. ಆ ದಿನದ ಯಾವ ಮಾತೂ ಅವರಿಗೆ ನೆನಪಿಲ್ಲ. ನಾವು ನೆನಪಿಸಿಯೂ ಇಲ್ಲ.

ಸ್ಟ್ರೆಚರಿಗೆ ಹಾಕಿ ಪಟ್ಟಿ ಬಿಗಿಯುವಾಗ ಅತ್ತೆ ತಮ್ಮ ಎಡಗೈಯಲ್ಲಿ ನರ್ಸಮ್ಮನ ತೋಳು ಹಿಡಿದುಕೊಂಡರು. ಮಗಳು ಪಕ್ಕದಲ್ಲೇ ನಿಂತಿದ್ದಳು. ಅವಳ ಗುರುತು ಅತ್ತೆಗೆ ಇನ್ನೂ ಸಿಕ್ಕಿರಲಿಲ್ಲ.

"ಅವಳ ಮಾತು ಕೇಳ್ಬೇಡಿ," ಎಂದರು, ನಾಲಿಗೆ ತೊದಲುತ್ತ, ಮೊದಲ ಸಲ ಕೊಂಚ ಸಿಟ್ಟಿನಿಂದ. "ಅದು ಸುಳ್ಳು ಹೇಳಲ್ಲ. ಒಂದು ನಿಮಿಷಾನೂ ಆಚೀಚೆ ಆಗಲ್ಲ. ನನ್ನ ಮಗಳು ಮಾಡಿದ್ದು ಅದು."